ಒಟ್ಟಿಗೆ ಬಾಳಿಸಲು ಎರಡು ತೊಟ್ಟಿ

ಸಿಂಹಮೀನು ಬಾಯಿ ಮುಚ್ಚಿಕೊಂಡಿರುವಾಗ ಆ ಬಾಯಿ ಎಷ್ಟು ದೊಡ್ಡದೆಂದು ಅಂದಾಜು ಸಿಗುವುದಿಲ್ಲ. ನಮ್ಮ ಮನೆಯ ಪಡಸಾಲೆಯ ತೊಟ್ಟಿಯಲ್ಲಿರುವುದು ಕುಳ್ಳ ಜಾತಿಯ ಸಿಂಹಮೀನು. ಪೂರ್ತಿ ಬೆಳೆದರೂ ಗೇಣುದ್ದ ಮುಟ್ಟುವುದಿಲ್ಲ. ಈಗ ನಾಲ್ಕು ಇಂಚು ಇದೆ. ದಿನವಿಡೀ ಕಲ್ಲಿನ ಮೇಲೆ ರೆಕ್ಕೆ ಹರಡಿಕೊಂಡು ಕೂತಿರುತ್ತದೆ. ಅದರ ಕಣ್ಣೆದುರಿಗೇ, ಬೆನ್ನುದ್ದಕ್ಕೂ ಬಿಳಿ ಗೆರೆ ಎಳೆದ ಎರಡು ಕೆಂಪು ಸಿಗಡಿಗಳು ಬಿಳಿ ಮೀಸೆ ಬೀಸುತ್ತ ಓಡಾಡುತ್ತವೆ. ನೋಡಲು ಬಂದವರು ಮೊದಲು ಮೀನನ್ನು ನೋಡುತ್ತಾರೆ, ಆಮೇಲೆ ಸಿಗಡಿಯನ್ನು, ಆಮೇಲೆ ನನ್ನ ಮುಖವನ್ನು.

“ಅಣ್ಣಾ, ಅದು ಇದನ್ನ ತಿನ್ನಂಗಿಲ್ಲೇನು?”

ತಿನ್ನುತ್ತದೆ. ತಿನ್ನದಂತೆ ಮಾಡುವ ಮಂತ್ರ ಯಾರ ಹತ್ತಿರವೂ ಇಲ್ಲ. ತಿನ್ನುವ ಸಂದರ್ಭ ಆದಷ್ಟು ಬಾರದಂತೆ ನೋಡಿಕೊಳ್ಳಬಹುದು, ಅಷ್ಟೆ. ಆದರೆ ಇಂಥ ತೊಟ್ಟಿಯಲ್ಲಿ ಸಿಗಡಿಗೆ ಮೀನಿನ ಬಾಯಿಯಷ್ಟೇ ಅಪಾಯ ಸಾಕುವವನ ಕೈಯಿಂದಲೂ ಇದೆ. ಬಂದವರು ಮೊದಲನೆಯದನ್ನು ಕೇಳುತ್ತಾರೆ. ಎರಡನೆಯದನ್ನು ನಾನೇ ಹೇಳಬೇಕಾಗುತ್ತದೆ.

ಗಂಗಾವತಿ ತಾಲ್ಲೂಕಿನ ನಮ್ಮ ಶ್ರೀರಾಮನಗರ ಭತ್ತದ ಊರು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಗೋದಾವರಿ, ಕೃಷ್ಣಾ ಜಿಲ್ಲೆಗಳ ರೈತರು ಬಂದು ಕ್ಯಾಂಪು ಕಟ್ಟಿಕೊಂಡ ಸೀಮೆ ಇದು. ನಮ್ಮಜ್ಜನೂ ಹಾಗೆ ಬಂದವನೇ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಊಟಕ್ಕೆ ಸೋನಾ ಮಸೂರಿ, ಭಾನುವಾರ ರೊಯ್ಯಲ ಇಗುರು. ಸಿಗಡಿ ಎಂದರೆ ಬಾಣಲೆ ನೆನಪಾಗುವ ಇಂಥ ಮನೆಯಲ್ಲಿ, ಸಿಗಡಿ ಸಾಕುತ್ತೇನೆ ಎಂದಾಗ ಅಮ್ಮ ಕೇಳಿದ್ದು ಒಂದೇ ಮಾತು: “ಕಿಲೋಗೆ ಎಷ್ಟು?”

ನನ್ನದು ಬೀಜ, ಗೊಬ್ಬರ, ಔಷಧಿ ಅಂಗಡಿ. ಔಷಧಿ ಎಂದರೆ ಹೊಲಕ್ಕೆ ಹೊಡೆಯುವ ಔಷಧಿ. ಯಾವ ವಿಷ ಯಾವ ಜೀವವನ್ನು ಕೊಲ್ಲುತ್ತದೆ, ಯಾವುದನ್ನು ಬಿಡುತ್ತದೆ ಎನ್ನುವುದೇ ನನ್ನ ದಿನದ ವ್ಯಾಪಾರ. ಉಪ್ಪುನೀರಿನ ತೊಟ್ಟಿಯನ್ನು ಅರ್ಥ ಮಾಡಿಕೊಳ್ಳಲು ಈ ಕಸುಬು ನನಗೆ ಬಹಳ ನೆರವಾಗಿದೆ.

ಕಡಲನ್ನು ಕಲಸಿಕೊಳ್ಳುವುದು

ಹುಬ್ಬಳ್ಳಿ ದಾಟಿ, ಘಟ್ಟ ಇಳಿದು ಕಾರವಾರದ ಕಡಲು ಮುಟ್ಟಲು ಇಲ್ಲಿಂದ ಸುಮಾರು 300 ಕಿ.ಮೀ. ಆದ್ದರಿಂದ ನಮ್ಮ ಕಡಲನ್ನು ನಾವೇ ಡ್ರಮ್ಮಿನಲ್ಲಿ ಕಲಸಿಕೊಳ್ಳಬೇಕು. ಒಂದು ಲೀಟರು ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ನನ್ನ ತೊಟ್ಟಿಯಲ್ಲಿ ಹಿಡಿಯುವ ನೀರು ಸುಮಾರು 400 ಲೀಟರು, ಅಂದರೆ 14 ಕಿಲೋ ಉಪ್ಪು. ಅಡುಗೆ ಉಪ್ಪು ನಡೆಯುವುದಿಲ್ಲ. ಅದು ಬರೀ ಸೋಡಿಯಂ ಕ್ಲೋರೈಡ್. ಕಡಲಿನ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್ ಎಲ್ಲವೂ ಇವೆ. ಸಿಗಡಿಯ ಚಿಪ್ಪು ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕೇ ಬೇಕು. ಹೀಗಾಗಿ ಅಕ್ವೇರಿಯಂ ಅಂಗಡಿಯವರು ಮಾರುವ ಸಮುದ್ರದ ಉಪ್ಪನ್ನೇ ತರಿಸಬೇಕು. ನೀರಿಗೆ ಬೋರ್‌ವೆಲ್ ಆಗದು. ಕೊಪ್ಪಳ ಜಿಲ್ಲೆಯ ಅಂತರ್ಜಲದ ಗಡಸುತನ, ಫ್ಲೋರೈಡ್ ಎಲ್ಲರಿಗೂ ಗೊತ್ತಿರುವುದೇ. ಆರ್‌ಒ ಘಟಕದ ಕ್ಯಾನ್ ನೀರು ಸಾಕಾಗುತ್ತದೆ.

ಉಪ್ಪು ಕರಗಿದ ಕೂಡಲೇ ಮೀನು ಬಿಡುವಂತಿಲ್ಲ. ಮೀನಿನ ಕಿವಿರಿನಿಂದ ಅಮೋನಿಯಾ ಬರುತ್ತದೆ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೇಟ್ ಮಾಡುತ್ತವೆ. ಯೂರಿಯಾ ಹೊಲಕ್ಕೆ ಬಿದ್ದ ಮೇಲೆ ಮಣ್ಣಿನಲ್ಲಿ ನಡೆಯುವುದೂ ಇದೇ ಕೆಲಸ. ಈ ಬ್ಯಾಕ್ಟೀರಿಯಾ ಕಲ್ಲು, ಮರಳು, ಫಿಲ್ಟರುಗಳಲ್ಲಿ ನೆಲೆಯೂರಲು 4ರಿಂದ 6 ವಾರ ಬೇಕು. ಬೇಟೆಮೀನು ಸಾಕುವವರಿಗೆ ಇದು ಇನ್ನೂ ಮುಖ್ಯ. ಅವು ಒಂದೇ ಸಲಕ್ಕೆ ಹೊಟ್ಟೆತುಂಬ ಮಾಂಸ ನುಂಗುತ್ತವೆ, ಒಂದೇ ಸಲಕ್ಕೆ ನೀರು ಕೆಡಿಸುತ್ತವೆ. ಆ ಏರುಪೇರನ್ನು ಮೀನು ತಡೆದುಕೊಂಡೀತು, ಸಿಗಡಿ ತಡೆಯುವುದಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ತೊಟ್ಟಿಯ ನೀರು 25ರಿಂದ 27 ಡಿಗ್ರಿಯಲ್ಲಿರಬೇಕು. ಚಿಲ್ಲರ್ ಬೇಕು, ಕರೆಂಟ್ ಹೋದರೆ ಏರ್ ಪಂಪಿಗೆ ಇನ್ವರ್ಟರ್ ಬೇಕು. ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಕಡಿಮೆಯಾದಷ್ಟಕ್ಕೆ ದಿನವೂ ಸಿಹಿನೀರು ತುಂಬದಿದ್ದರೆ ಉಪ್ಪಿನ ಸಾಂದ್ರತೆ ಏರುತ್ತ ಹೋಗುತ್ತದೆ. ಸಿಗಡಿಗೆ ಈ ಏರಿಳಿತ ಆಗಿಬರುವುದಿಲ್ಲ. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಥರ್ಮೋಕೋಲ್ ಡಬ್ಬಿಯಲ್ಲಿ ಬಂದ ಸಿಗಡಿಯನ್ನು ಹಾಗೇ ತೊಟ್ಟಿಗೆ ಸುರಿಯದೆ, ಅದರ ಚೀಲದ ನೀರಿಗೆ ನಮ್ಮ ತೊಟ್ಟಿಯ ನೀರನ್ನು ಹನಿಹನಿಯಾಗಿ, ಒಂದೆರಡು ಗಂಟೆ ಕಾಲ ಬೆರೆಸುತ್ತ ಹೋಗುವುದು ಇದಕ್ಕೇ.

ನಮ್ಮ ಊರಿನಲ್ಲಿ ಇನ್ನೊಂದು ಎಚ್ಚರವೂ ಬೇಕು. ಪ್ರತಿ ವಾರ 40 ಲೀಟರು ಹಳೆಯ ನೀರು ತೆಗೆಯುತ್ತೇನೆ. ಅದರಲ್ಲಿ ಸುಮಾರು 1.4 ಕಿಲೋ ಉಪ್ಪಿರುತ್ತದೆ. ಮಣ್ಣಿನ ವಿದ್ಯುತ್ ವಾಹಕತೆ 4 ದಾಟಿದರೆ ಅದನ್ನು ಸವಳು ಎನ್ನುತ್ತೇವೆ. ಸಮುದ್ರದ ನೀರಿನದು 50ಕ್ಕೂ ಮೇಲೆ. ಕಾಲುವೆ ನೀರು ನಿಂತು ಸವಳಾದ ಹೊಲಗಳನ್ನು ಸರಿಪಡಿಸುವ ಬಗೆಯನ್ನು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ವರ್ಷಗಳಿಂದ ಅಭ್ಯಾಸ ಮಾಡುತ್ತಿರುವ ಸೀಮೆಯಲ್ಲಿ, ನನ್ನ ಶೋಕಿಯ ಉಪ್ಪನ್ನು ಹಿತ್ತಲಿಗೋ ಹೊಲದ ಕಾಲುವೆಗೋ ಚೆಲ್ಲುವುದು ಸರಿಯಲ್ಲ. ತಾರಸಿಯ ಮೇಲೆ ಅಗಲವಾದ ಸಿಮೆಂಟಿನ ತಟ್ಟೆಯಲ್ಲಿ ಆ ನೀರನ್ನು ಒಣಗಲು ಬಿಡುತ್ತೇನೆ. ನಮ್ಮ ಬಿಸಿಲು ಅಷ್ಟು ಉಪಕಾರವನ್ನು ಮಾಡುತ್ತದೆ. ಉಳಿದ ಉಪ್ಪನ್ನು ಕೆರೆದು ಕಸಕ್ಕೆ ಹಾಕುತ್ತೇನೆ.

ಬಾಯಿಯ ಲೆಕ್ಕ

ಬೇಟೆಮೀನುಗಳೆಲ್ಲ ಒಂದೇ ರೀತಿ ಬೇಟೆಯಾಡುವುದಿಲ್ಲ. ಸಿಗಡಿಯ ಜೊತೆ ಯಾವುದನ್ನು ಇಡಬಹುದು ಎಂಬ ಪ್ರಶ್ನೆಗೆ ಉತ್ತರ ಅಲ್ಲಿಂದಲೇ ಶುರುವಾಗಬೇಕು.

ಸಿಂಹಮೀನು, ಗ್ರೂಪರ್‌ಗಳದು ನುಂಗುವ ಬಾಯಿ. ಅವು ಕಚ್ಚಿ ಹರಿಯುವುದಿಲ್ಲ. ಬಾಯಿಯನ್ನು ಕ್ಷಣಮಾತ್ರದಲ್ಲಿ ಹಿಗ್ಗಿಸಿ ನೀರಿನ ಜೊತೆ ಬೇಟೆಯನ್ನು ಒಳಗೆಳೆದುಕೊಳ್ಳುತ್ತವೆ. ಸಿಂಹಮೀನು ಅಗಲವಾದ ರೆಕ್ಕೆಗಳನ್ನು ಬಿಚ್ಚಿ ಬೇಟೆಯನ್ನು ಮೂಲೆಗೆ ಒತ್ತುತ್ತದೆ. ದೊಡ್ಡ ಕೆಂಪು ಸಿಂಹಮೀನು ಬೇಟೆಯ ಕಡೆಗೆ ಬಾಯಿಂದ ನೀರು ಊದುತ್ತದೆ ಎಂದು 2012ರಲ್ಲಿ ಇಬ್ಬರು ಸಂಶೋಧಕರು ವರದಿ ಮಾಡಿದ್ದಾರೆ. ಬೇಟೆ ಆ ಹರಿವಿಗೆ ಎದುರಾಗಿ ತಿರುಗಿದರೆ ತಲೆಕಡೆಯಿಂದ ನುಂಗಲು ಸುಲಭ. ನುಂಗುವ ಬಾಯಿಯವರ ವಿಷಯದಲ್ಲಿ ಅಳತೆ ನೋಡಬಹುದು: ಬಾಯಿಗೆ ಹಿಡಿಸಿದರೆ ಆಹಾರ, ಹಿಡಿಸದಿದ್ದರೆ ನೆರೆಹೊರೆ. ಆದರೆ ಸಿಂಹಮೀನು ತನ್ನ ಅರ್ಧದಷ್ಟು ಉದ್ದದ ಬೇಟೆಯನ್ನೂ ಒಳಗಿಳಿಸಬಲ್ಲದು. ನನ್ನ ಮೀನು ನಾಲ್ಕು ಇಂಚು, ಸಿಗಡಿ ಎರಡು ಇಂಚಿಗೆ ತುಸು ಹೆಚ್ಚು. ಲೆಕ್ಕ ಅಂಚಿನಲ್ಲಿದೆ.

ಹಾಕ್‌ಫಿಶ್ ಬೇರೆ ಜಾತಿ. ಅದು ಕಲ್ಲಿನ ತುದಿಯಲ್ಲಿ ಗಿಡುಗದ ಹಾಗೆ ಕಾದು ಕೂತು ಎರಗುತ್ತದೆ. ಬಾಯಿ ಚಿಕ್ಕದು, ಆದರೆ ಸಿಗಡಿಯನ್ನು ಹಿಡಿದು ಕಲ್ಲಿಗೆ ಕುಟ್ಟಿ ತುಂಡು ಮಾಡಿ ತಿನ್ನುವ ಚಾಳಿ ಇದೆ. ಟ್ರಿಗರ್ ಮೀನು, ಪಫರ್ ಮೀನುಗಳ ಹಲ್ಲು ಚಿಪ್ಪು ಒಡೆಯಲೆಂದೇ ಇರುವುದು. ಅವುಗಳ ಜೊತೆ ಯಾವ ಅಳತೆಯ ಸಿಗಡಿಯೂ ಬದುಕುವ ಖಾತ್ರಿ ಇಲ್ಲ. ಸ್ನೋಫ್ಲೇಕ್ ಎಂಬ ಚಿಕ್ಕ ಮೋರೆ ಹಾವುಮೀನನ್ನು ಅಂಗಡಿಯವರು ಸಾಧು ಎಂದು ಮಾರುತ್ತಾರೆ. ಮೀನುಗಳ ಪಾಲಿಗೆ ಅದು ಸಾಧುವೇ. ಅದರ ಮೊಂಡು ಹಲ್ಲುಗಳು ಏಡಿ, ಸಿಗಡಿ ಅರೆಯಲು ಇರುವಂಥವು, ಬೇಟೆಯನ್ನು ಅದು ಹುಡುಕುವುದು ವಾಸನೆಯಿಂದ. ಕತ್ತಲಲ್ಲಿ ಬಿಲದಲ್ಲಿ ಅಡಗಿದ ಸಿಗಡಿಗೆ ಅಲ್ಲಿಯೂ ರಕ್ಷಣೆ ಇಲ್ಲ.

ಸಿಂಹಮೀನಿನ ಹಸಿವು ಎಂಥದೆಂದು ಜಗತ್ತಿಗೆ ಗೊತ್ತಾದದ್ದು ಅಟ್ಲಾಂಟಿಕ್‌ನಲ್ಲಿ. ಇದು ಅಲ್ಲಿಯ ಮೀನಲ್ಲ, ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನದು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಮುಳುಗುವವರಿಗೂ ಕಾಣಸಿಗುತ್ತದೆ. 1980ರ ದಶಕದಿಂದ ಫ್ಲಾರಿಡಾ ಕಡಲಲ್ಲಿ ಕಾಣಿಸಿಕೊಂಡು ಕೆರಿಬಿಯನ್ ತುಂಬ ಹರಡಿತು. ಅಕ್ವೇರಿಯಂ ಸಾಕುವವರು ಬಿಟ್ಟದ್ದೇ ಮೂಲ ಎಂಬುದು ಬಲವಾದ ಅಭಿಪ್ರಾಯ. ಬಹಾಮಾಸ್‌ನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಚಿಕ್ಕ ಹವಳದ ದಿಬ್ಬಗಳ ಮೇಲೆ ಒಂದೊಂದು ಸಿಂಹಮೀನನ್ನು ಬಿಟ್ಟು 5 ವಾರ ನೋಡಿದರು. ಹೊಸದಾಗಿ ಬಂದು ಸೇರುವ ಮರಿಮೀನುಗಳ ಸಂಖ್ಯೆ 79 ಪ್ರತಿಶತ ಇಳಿದಿತ್ತು. ನಮ್ಮ ಪಡಸಾಲೆಯಲ್ಲಿ ಸೋಮಾರಿಯಂತೆ ಕೂತಿರುವುದು ಇದರ ಕುಳ್ಳ ದಾಯಾದಿ. ಬೆನ್ನಿನ ಮುಳ್ಳುಗಳಲ್ಲಿ ವಿಷವೂ ಇದೆ. ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿಯ ನೀರಿನಲ್ಲಿ ಕೈ ಅದ್ದಿಡಬೇಕು, ಡಾಕ್ಟರ ಬಳಿ ಹೋಗಬೇಕು. ಮಕ್ಕಳ ಕೈಗೆ ಎಟುಕದಂತೆ ತೊಟ್ಟಿಯ ಮುಚ್ಚಳಕ್ಕೆ ಚಿಲಕ ಹಾಕಿದ್ದೇನೆ.

ಮೀಸೆಯ ಮಾತು

ಇಂಥ ಬಾಯಿಯೆದುರು ಸಿಗಡಿ ನಿರ್ಭಯವಾಗಿ ಓಡಾಡುವುದು ಹೇಗೆ? ನನ್ನಲ್ಲಿರುವವು ಕ್ಲೀನರ್ ಸಿಗಡಿಗಳು. ಹವಳದ ದಿಬ್ಬಗಳಲ್ಲಿ ಇವುಗಳದ್ದೊಂದು ಗೊತ್ತಾದ ಜಾಗ ಇರುತ್ತದೆ. ಮೀನುಗಳು ಅಲ್ಲಿಗೆ ಬಂದು ನಿಲ್ಲುತ್ತವೆ. ಸಿಗಡಿ ಮೈಮೇಲೆ ಹತ್ತಿ ಚರ್ಮದ ಪರಾವಲಂಬಿಗಳನ್ನು, ಸತ್ತ ಚರ್ಮವನ್ನು ಹೆಕ್ಕಿ ತಿನ್ನುತ್ತದೆ; ಕಿವಿರಿನೊಳಗೆ, ತೆರೆದ ಬಾಯಿಯೊಳಗೆ ಹೋಗಿ ಬರುತ್ತದೆ. ಕ್ಷೌರದ ಅಂಗಡಿಯಲ್ಲಿ ಗಿರಾಕಿ ಕತ್ತಿಗೆ ಕುತ್ತಿಗೆ ಒಡ್ಡಿದರೆ, ಇಲ್ಲಿ ಕ್ಷೌರಿಕನೇ ಗಿರಾಕಿಯ ಬಾಯೊಳಗೆ ತಲೆ ಇಡುತ್ತಾನೆ.

ಈ ನಂಬಿಕೆ ಹೇಗೆ ಕುದುರುತ್ತದೆ ಎಂಬುದನ್ನು ಸಂಶೋಧಕರು ಬಿಡಿಸಿ ನೋಡಿದ್ದಾರೆ. 2005ರಲ್ಲಿ ಆಸ್ಟ್ರೇಲಿಯಾದ ತಂಡವೊಂದು ತೋರಿಸಿದ ಪ್ರಕಾರ, ಕ್ಲೀನರ್ ಸಿಗಡಿಗಳು ಮೈಯನ್ನು ಅತ್ತಿತ್ತ ತೂಗಿ ಕುಣಿಯುವುದು ಒಂದು ಜಾಹೀರಾತು. ಹಸಿದ ಸಿಗಡಿ ಹೆಚ್ಚು ಕುಣಿಯುತ್ತದೆ, ಮೀನುಗಳೂ ಹಸಿದ ಸಿಗಡಿಯ ಹತ್ತಿರವೇ ಹೆಚ್ಚು ಹೋಗುತ್ತವೆ. 2018ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಕೆರಿಬಿಯನ್‌ನ ಇನ್ನೊಂದು ಜಾತಿಯ ಕ್ಲೀನರ್ ಸಿಗಡಿಯನ್ನು ಅಭ್ಯಾಸ ಮಾಡಿದರು. ಸಿಗಡಿ ಮೀಸೆ ಬೀಸುತ್ತದೆ, ಮೀನು ತನ್ನ ಮೈಬಣ್ಣವನ್ನು ಗಾಢ ಮಾಡಿಕೊಳ್ಳುತ್ತದೆ, ಆಮೇಲೆ ಕೆಲಸ ಶುರುವಾಗುತ್ತದೆ. ಸಿಗಡಿಗೆ ಬಣ್ಣ ಕಾಣುವುದಿಲ್ಲ, ನೋಟವೂ ಮಸುಕು. ಅದಕ್ಕೆ ಗೊತ್ತಾಗುವುದು ಎದುರಿನ ಆಕೃತಿ ಕಪ್ಪಾಯಿತು ಎಂಬುದಷ್ಟೇ. ಪರದೆಯ ಮೇಲೆ ಕಪ್ಪು ಆಕೃತಿ ತೋರಿಸಿದರೂ ಅವು ಮೀಸೆ ಬೀಸಿದವು.

ಇದನ್ನು ಓದಿದ ಮೇಲೆ ತೊಟ್ಟಿಯ ಮುಂದೆ ಕೂತರೆ ಕಾಣುವುದೇ ಬೇರೆ. ನನ್ನ ತೊಟ್ಟಿಯಲ್ಲಿ ಪಾಚಿ ಮೇಯುವ ಫಾಕ್ಸ್‌ಫೇಸ್ ಎಂಬ ಹಳದಿ ಮೀನೊಂದಿದೆ. ಅದು ಸಿಗಡಿಗಳ ಎದುರು ಬಂದು ರೆಕ್ಕೆ ಬಿಚ್ಚಿ, ಬಣ್ಣ ಮಂಕು ಮಾಡಿಕೊಂಡು ನಿಲ್ಲುತ್ತದೆ. ಸಿಂಹಮೀನೂ ಒಮ್ಮೊಮ್ಮೆ ಅಲುಗಾಡದೆ ನಿಂತು ಕೆನ್ನೆ ಕೆರೆಸಿಕೊಳ್ಳುತ್ತದೆ. ನಾನು ಕೈ ಇಳಿಬಿಟ್ಟರೆ ಸಿಗಡಿಗಳು ಉಗುರಿನ ಸಂದಿಗೂ ಬರುತ್ತವೆ.

ಆದರೆ ಇದನ್ನು ಸ್ನೇಹ ಎಂದು ತಿಳಿಯಬಾರದು. ಈ ಕರಾರು ಜಾಗಕ್ಕೆ, ಹೊತ್ತಿಗೆ, ಸನ್ನೆಗೆ ಕಟ್ಟುಬಿದ್ದದ್ದು. ಮೇಲಿನಿಂದ ನೀರಿಗೆ ಬಿದ್ದು ಕೈಕಾಲು ಬಡಿಯುತ್ತ ಇಳಿಯುವ ಹೊಸ ಸಿಗಡಿ ಯಾವ ಸನ್ನೆಯನ್ನೂ ಮಾಡುತ್ತಿರುವುದಿಲ್ಲ. ಬೇಟೆಮೀನಿಗೆ ಅದು ಇಳಿದುಬರುತ್ತಿರುವ ಊಟ. ಅದಕ್ಕೇ ಸಿಗಡಿ ಮೊದಲು, ಮೀನು ಆಮೇಲೆ. ಸಿಗಡಿ ತನ್ನ ಬಿಲ, ತನ್ನ ಜಾಗ ಗೊತ್ತುಮಾಡಿಕೊಂಡ ಮೇಲೆ ಮೀನು ಬರಬೇಕು. ಕ್ಲೀನರ್ ಕೆಲಸ ಗೊತ್ತಿಲ್ಲದ ಬೇರೆ ಚಿಕ್ಕ ಸಿಗಡಿಗಳಿಗೆ ಈ ರಿಯಾಯಿತಿಯೂ ಇಲ್ಲ. ಕೆಂಪು ಬಿಳಿ ಪಟ್ಟೆಯ ಬಾಕ್ಸಿಂಗ್ ಸಿಗಡಿ ಉದ್ದ ಇಕ್ಕುಳದಿಂದ ತನ್ನನ್ನು ತಾನು ಕಾಪಾಡಿಕೊಂಡೀತು, ಆದರೆ ಅದೇ ಇಕ್ಕುಳ ಜೊತೆಯ ಸಿಗಡಿಗಳ ಮೇಲೂ ಏಳುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ: ಕ್ಲೀನರ್ ಸಿಗಡಿ ಇದ್ದರೆ ಮೀನಿಗೆ ಬಿಳಿಚುಕ್ಕೆ ರೋಗ ಬರುವುದಿಲ್ಲ ಎಂಬುದು. ಆ ರೋಗದ ಪರಾವಲಂಬಿ ಚರ್ಮದ ಒಳಪದರದಲ್ಲಿ ಹೂತುಕೊಂಡಿರುತ್ತದೆ. ಮೇಲಿಂದ ಹೆಕ್ಕುವ ಸಿಗಡಿಗೆ ಅದು ಸಿಗುವುದಿಲ್ಲ.

ಪೊರೆ ಬಿಡುವ ಹೊತ್ತು

ಸಿಗಡಿ ಕೆಲವು ವಾರಗಳಿಗೊಮ್ಮೆ ಹಳೆಯ ಚಿಪ್ಪನ್ನು ಇಡಿಯಾಗಿ ಕಳಚುತ್ತದೆ. ಮೀಸೆಯಿಂದ ಬಾಲದವರೆಗೆ ಪೂರ್ತಿ ಇರುವ ಆ ಖಾಲಿ ಅಂಗಿ ಕಲ್ಲಿನ ಮೇಲೆ ಬಿದ್ದಿದ್ದರೆ ನಮ್ಮಮ್ಮ ಈಗಲೂ ಸಿಗಡಿ ಸತ್ತಿತೆಂದು ಕೂಗುತ್ತಾರೆ. ಸಿಗಡಿ ಒಳಗೆಲ್ಲೋ ಮೆತ್ತಗಾಗಿ ಅಡಗಿ ಕೂತಿರುತ್ತದೆ. ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಅದಕ್ಕೆ ಮುಳ್ಳಿಲ್ಲ, ಕವಚವಿಲ್ಲ, ಓಡುವ ಶಕ್ತಿಯೂ ಕಡಿಮೆ. ಸಾಮಾನ್ಯವಾಗಿ ಇದು ನಡೆಯುವುದು ರಾತ್ರಿ. ಸಿಂಹಮೀನು ಬೇಟೆಗೆ ಏಳುವುದು ಮುಸ್ಸಂಜೆಗೆ, ನಸುಕಿಗೆ.

ಆಗ ಅದನ್ನು ಕಾಯುವುದು ಬಿಲ ಒಂದೇ. ಸಿಗಡಿ ನುಸುಳಬಲ್ಲ, ಮೀನಿನ ತಲೆ ತೂರದ ಸಂದು ಹಲವು ಕಡೆ ಇರಬೇಕು. ಅರ್ಧ ಇಂಚಿನ ಪಿವಿಸಿ ಪೈಪಿನ ತುಂಡುಗಳನ್ನು ಕಲ್ಲುಗಳ ಹಿಂದೆ ಹುದುಗಿಸಿದ್ದೇನೆ. ಎರಡೂ ಬಾಯಿ ತೆರೆದಿರಬೇಕು. ಒಂದೇ ಬಾಯಿಯ ಬಿಲ ಬೋನಾದೀತು. ಕಲ್ಲಿನ ವಿಷಯಕ್ಕೆ ಒಂದು ಮಾತು. ಹವಳ, ಕಡಲ್ಗುದುರೆಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ರಕ್ಷಿಸುತ್ತದೆ. ನಮ್ಮ ಕಡಲಿನಿಂದ ಕಿತ್ತು ತಂದ ಹವಳದ ಕಲ್ಲನ್ನು ಯಾರಾದರೂ ಕೊಡಬಂದರೆ ಮುಟ್ಟಬಾರದು. ಸೆರಾಮಿಕ್ ಕಲ್ಲು ಅದೇ ಕೆಲಸ ಮಾಡುತ್ತದೆ.

ಪೊರೆ ಬಿಟ್ಟ ರಾತ್ರಿಯೇ ಇವುಗಳ ಮಿಲನವೂ ನಡೆಯುತ್ತದೆ. ಈ ಜಾತಿಯಲ್ಲಿ ಬೆಳೆದ ಸಿಗಡಿ ಹೆಣ್ಣೂ ಹೌದು, ಗಂಡೂ ಹೌದು. ಯಾವ ಎರಡನ್ನು ಇಟ್ಟರೂ ಜೋಡಿಯೇ. ಹೊಟ್ಟೆಯಡಿ ಹಸಿರು ಮೊಟ್ಟೆಗಳು ಕಾಣಿಸುತ್ತವೆ, ಕೊನೆಗೆ ಒಂದು ರಾತ್ರಿ ನೂರಾರು ಮರಿಗಳು ನೀರಿಗೆ ಬರುತ್ತವೆ. ಫಿಲ್ಟರು, ಮೀನು ಸೇರಿ ಬೆಳಗಾಗುವುದರೊಳಗೆ ಮುಗಿಸಿರುತ್ತವೆ. ಈ ಮರಿಗಳು ತಿಂಗಳುಗಟ್ಟಲೆ ತೇಲುಬಾಳು ಬಾಳಬೇಕು. ಮನೆಯಲ್ಲಿ ಸಾಕಿ ದೊಡ್ಡದು ಮಾಡುವುದು ಬಹಳ ಕಷ್ಟ. ಮಾರುಕಟ್ಟೆಯ ಕ್ಲೀನರ್ ಸಿಗಡಿ ಹೆಚ್ಚಾಗಿ ಕಡಲಿನಿಂದ ಹಿಡಿದದ್ದಾಗಿರಲು ಇದೇ ಕಾರಣ. ಬೇರೆ ಚಿಕ್ಕ ಜಾತಿಗಳಲ್ಲಿ ದಾರಿ ತೆರೆದಿದೆ. ಲಕ್ಷದ್ವೀಪದ ಅಗತ್ತಿಯಲ್ಲಿ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಬ್ಯೂರೋ ಅಲಂಕಾರಿಕ ಸಿಗಡಿ ಸಾಕಣೆಯನ್ನು ದ್ವೀಪದ ಹೆಣ್ಣುಮಕ್ಕಳಿಗೆ ಕಲಿಸಿದೆ. ಸಾಕಿದ್ದು ಸಿಗುವಾಗ ಹಿಡಿದದ್ದನ್ನು ಕೊಳ್ಳಬೇಕಿಲ್ಲ.

ಉಣಿಸುವವರ ಕೈ

ಬೇಟೆಮೀನಿನ ಹೊಟ್ಟೆ ತುಂಬಿದ್ದರೆ ಸಿಗಡಿಗೆ ಅರ್ಧ ರಕ್ಷೆ. ಆದರೆ ಏನು ಕೊಟ್ಟು ತುಂಬಿಸಬೇಕು? ಗಂಗಾವತಿ ಮಾರ್ಕೆಟ್ಟಿನಲ್ಲಿ ಐಸಿನಲ್ಲಿ ಬರುವ ವೆನಾಮಿ ಸಿಗಡಿ ಕೈಗೆ ಸಿಗುವ ಮಾಂಸ. ಕತ್ತರಿಸಿ ಹಾಕಿದರೆ ಮೀನು ಹಾರಿಬಂದು ತಿನ್ನುತ್ತದೆ. ಅದನ್ನೇ ನಾನು ಹಾಕುವುದಿಲ್ಲ, ಎರಡು ಕಾರಣಕ್ಕೆ. ಒಂದು, ದಿನವೂ ಸಿಗಡಿ ತಿನ್ನಿಸಿ, ಸಿಗಡಿಯ ಜೊತೆ ಇರು ಎನ್ನುವುದು ನ್ಯಾಯವಲ್ಲ. ಎರಡು, ಬಿಳಿಚುಕ್ಕೆ ವೈರಸ್. ಇದು ಮೀನಿನ ಬಿಳಿಚುಕ್ಕೆಯಲ್ಲ, ಸಿಗಡಿಯ ಬಿಳಿಚುಕ್ಕೆ. 1994ರ ಸುಮಾರಿಗೆ ಭಾರತಕ್ಕೆ ಬಂದು ಆಂಧ್ರ, ತಮಿಳುನಾಡಿನ ಟೈಗರ್ ಸಿಗಡಿ ಕೆರೆಗಳನ್ನು ಬರಿದು ಮಾಡಿದ ರೋಗ. ಮನುಷ್ಯರಿಗೆ ಏನೂ ಮಾಡದು. ಆದರೆ ಸಿಗಡಿ, ಏಡಿ ಕುಲದ ಬಹುತೇಕ ಎಲ್ಲಕ್ಕೂ ತಗಲಬಲ್ಲದು, ಫ್ರೀಜರಿನಲ್ಲಿಟ್ಟರೂ ಸಾಯುವುದಿಲ್ಲ. ಸಾಕಣೆ ಕೆರೆಯ ಹಸಿ ಸಿಗಡಿಯನ್ನು ತೊಟ್ಟಿಗೆ ಹಾಕುವುದೆಂದರೆ ಆ ಬಾಗಿಲನ್ನು ತೆರೆದಂತೆ.

ಹಾಗಾದರೆ ಡ್ಯಾಮಿನ ರೋಹು, ಕಾಟ್ಲಾ? ಗೆಂಡೆ ಕುಲದ ಹಲವು ಮೀನುಗಳಲ್ಲಿ ಬಿ1 ಜೀವಸತ್ವವನ್ನು ಒಡೆಯುವ ಕಿಣ್ವವಿದೆ. ಕಡಲ ಮೀನಿಗೆ ಬೇಕಾದ ಕೊಬ್ಬಿನಂಶವೂ ಕಡಿಮೆ. ಗೋಲ್ಡ್‌ಫಿಶ್ ಮರಿಗಳನ್ನು ಜೀವಂತ ಬಿಟ್ಟು ತಮಾಷೆ ನೋಡುವವರ ಸಿಂಹಮೀನು ಬಹುಕಾಲ ಬಾಳದಿರಲು ಇದೂ ಒಂದು ಕಾರಣ. ಮಂಗಳೂರು, ಕಾರವಾರದಿಂದ ಹುಬ್ಬಳ್ಳಿಗೆ ಬರುವ ಕಡಲಮೀನನ್ನು ತರಿಸಿ, ಸಣ್ಣ ಪಟ್ಟಿ ಕತ್ತರಿಸಿ, ಉದ್ದ ಚಿಮಟದಲ್ಲಿ ಹಿಡಿದು ಆಡಿಸುತ್ತೇನೆ. ವಾರಕ್ಕೆ ಎರಡು ಮೂರು ಬಾರಿ ಸಾಕು. ಮೊದಲು ಸಿಗಡಿಗಳಿಗೆ ಅವುಗಳ ಮೂಲೆಯಲ್ಲಿ ಚೂರು ಕೊಟ್ಟು ಆಮೇಲೆ ಮೀನಿಗೆ. ಇಲ್ಲದಿದ್ದರೆ ಸಿಗಡಿಗಳು ಮೀನಿನ ಬಾಯಿಯಿಂದಲೇ ಚೂರು ಕಿತ್ತುಕೊಳ್ಳಲು ಓಡುತ್ತವೆ. ಅವುಗಳಿಗೆ ಧೈರ್ಯ ಕೊಂಚ ಹೆಚ್ಚೇ.

ತ್ರಿಕೋನದ ಬಣ್ಣ

ನಮ್ಮ ಬಾವನದು ಭೀಮಾವರಂ ಹತ್ತಿರ ಸಿಗಡಿ ಕೆರೆಗಳು. ಅಲ್ಲಿ ಲೆಕ್ಕವೇ ತಿರುಗುಮುರುಗು: ಬೇಟೆಮೀನು ಒಂದೂ ಒಳಗೆ ಉಳಿಯಬಾರದು. ಪಂಡುಗಪ್ಪ ಮರಿಯೋ ಕೊರಮೀನೋ ಸೇರಿಕೊಂಡರೆ ಬೆಳೆ ಹೋಯಿತು. ಸಿಗಡಿ ಮರಿ ಬಿಡುವ ಮೊದಲು ಕೆರೆಗೆ ಹಿಪ್ಪೆ ಹಿಂಡಿಯನ್ನೋ ಚಹಾ ಬೀಜದ ಹಿಂಡಿಯನ್ನೋ ಹಾಕುತ್ತಾರೆ. ಹಿಪ್ಪೆ ಹಿಂಡಿಯಾದರೆ ಹೆಕ್ಟೇರಿಗೆ, ಮೀಟರು ಆಳದ ನೀರಿಗೆ, 2,000ದಿಂದ 2,500 ಕಿಲೋ. ಅದರಲ್ಲಿರುವ ಸಪೋನಿನ್ ಕಿವಿರಿನ ಮೂಲಕ ಮೀನಿನ ರಕ್ತಕ್ಕೆ ಸೇರಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಸಿಗಡಿಗೆ ಅಂಥ ರಕ್ತಕಣಗಳೇ ಇಲ್ಲ. ಅದರ ರಕ್ತದಲ್ಲಿ ಉಸಿರು ಹೊರುವುದು ಕಬ್ಬಿಣವಲ್ಲ, ತಾಮ್ರ. ಮೀನನ್ನು ಕೊಲ್ಲುವ ಪ್ರಮಾಣದ ಹತ್ತಾರು ಪಟ್ಟು ಸಪೋನಿನ್ನನ್ನು ಸಿಗಡಿ ತಾಳುತ್ತದೆ.

ಈಗ ನನ್ನ ತೊಟ್ಟಿಗೆ ಬನ್ನಿ. ಮೀನಿಗೆ ಬಿಳಿಚುಕ್ಕೆ ಬಂದರೆ ಹಳೆಯ, ನೆಚ್ಚಿನ ಮದ್ದು ತಾಮ್ರ: ಲೀಟರಿಗೆ 0.15ರಿಂದ 0.20 ಮಿ.ಗ್ರಾಂ. ಮೀನು ಬದುಕುತ್ತದೆ, ಸಿಗಡಿ ಸಾಯುತ್ತದೆ. ರಕ್ತಕ್ಕೆ ತಾಮ್ರ ಬೇಕಾದ ಪ್ರಾಣಿಯೇ ನೀರಿನ ತಾಮ್ರಕ್ಕೆ ಸೋಲುತ್ತದೆ. 400 ಲೀಟರಿಗೆ ಆ ಪ್ರಮಾಣ ಲೆಕ್ಕ ಹಾಕಿದರೆ ಒಟ್ಟು ಹೆಚ್ಚೆಂದರೆ 80 ಮಿ.ಗ್ರಾಂ ತಾಮ್ರ. ಭತ್ತದ ರೋಗಕ್ಕೆಂದು ನನ್ನ ಅಂಗಡಿಯಲ್ಲಿ ಮಾರುವ ಶೇಕಡ 50ರ ಕಾಪರ್ ಆಕ್ಸಿಕ್ಲೋರೈಡ್ ಪುಡಿಯ ಚಿಟಿಕೆಯಷ್ಟರಲ್ಲೇ ಅದಕ್ಕಿಂತ ಹೆಚ್ಚು ತಾಮ್ರವಿದೆ. ಒಮ್ಮೆ ಬಿದ್ದ ತಾಮ್ರವನ್ನು ಸುಣ್ಣದ ಕಲ್ಲು, ಮರಳು ಹೀರಿಕೊಂಡು ತಿಂಗಳಾದ ಮೇಲೂ ಬಿಡುತ್ತ ಇರುತ್ತವೆ.

ಔಷಧಿ ಡಬ್ಬಿಯ ಮೇಲಿನ ತ್ರಿಕೋನವನ್ನು ನಮ್ಮ ಕಡೆಯ ಪ್ರತಿ ರೈತನೂ ಬಲ್ಲ: ಕೆಂಪು, ಹಳದಿ, ನೀಲಿ, ಹಸಿರು. ಕೆಂಪೆಂದರೆ ಕಡುವಿಷ, ಹಸಿರೆಂದರೆ ಸೌಮ್ಯ. ಆದರೆ ಈ ದರ್ಜೆ ನಿಗದಿಯಾಗುವುದು ಇಲಿಯಂಥ ಪ್ರಾಣಿಗಳ ಮೇಲಿನ ಪರೀಕ್ಷೆಯಿಂದ. ಸಿಗಡಿಯನ್ನು ಯಾರೂ ಕೇಳಿಲ್ಲ. ಸಿಗಡಿ ಕೀಟಗಳ ದೂರದ ಸಂಬಂಧಿ. ಕೀಟವನ್ನು ಕೊಲ್ಲಲು ಮಾಡಿದ್ದು ಅದನ್ನೂ ಕೊಲ್ಲುತ್ತದೆ. ಕಂದು ಜಿಗಿಹುಳುವಿಗೆ ಹೊಡೆಯುವ ಬುಪ್ರೊಫೆಜಿನ್ ಹುಳುವಿನ ಮರಿಗೆ ಪೊರೆ ಬಿಡಲಾಗದಂತೆ ಮಾಡುತ್ತದೆ. ಸಿಗಡಿ ಬದುಕುವುದೂ ಪೊರೆ ಬಿಟ್ಟೇ. ಸೈಪರ್‌ಮೆಥ್ರಿನ್ ಕುಲದ ಔಷಧಿಗಳು ಸಿಗಡಿಗೆ ಕೀಟಕ್ಕಿದ್ದಷ್ಟೇ ಮಾರಕ, ಮೀನಿಗೂ ಒಳ್ಳೆಯದಲ್ಲ. ಅದೇ ಕುಲದ ವಿಷ ಸೊಳ್ಳೆ ಕಾಯಿಲ್‌ನಲ್ಲಿ, ಪ್ಲಗ್ಗಿಗೆ ಸಿಕ್ಕಿಸುವ ದ್ರವದಲ್ಲಿ ಇದೆ. ಭತ್ತದ ಊರಿನಲ್ಲಿ ಸೊಳ್ಳೆಯಿಲ್ಲದ ಮನೆ ಎಲ್ಲಿದೆ? ಏರ್ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ಹೀಗಾಗಿ ಪಡಸಾಲೆಯಲ್ಲಿ ನಾವು ಸೊಳ್ಳೆ ಪರದೆಯನ್ನೇ ನೆಚ್ಚಿಕೊಂಡಿದ್ದೇವೆ. ಅಂಗಡಿಯಿಂದ ಬಂದವನು ಸ್ನಾನ ಮಾಡಿ, ಅಂಗಿ ಬದಲಿಸಿ, ಸೋಪಿನ ಅಂಶ ಹೋಗುವಂತೆ ಕೈ ತೊಳೆದೇ ತೊಟ್ಟಿ ಮುಟ್ಟುವುದು. ಗದ್ದೆಗೆ ಔಷಧಿ ಹೊಡೆಯುವ ದಿನ ಆ ಕಡೆಯ ಕಿಟಕಿ ಮುಚ್ಚಿರುತ್ತದೆ.

ಅಘನಾಶಿನಿಯಲ್ಲಿ ಹೇಗೆ?

ಬೇಟೆಮೀನು, ಸಿಗಡಿ ಒಂದೇ ಉಪ್ಪುನೀರಿನಲ್ಲಿ ತಲೆಮಾರುಗಳಿಂದ ಇರುವ ಜಾಗ ನಮ್ಮ ರಾಜ್ಯದಲ್ಲೇ ಇದೆ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ತೂಬು ತೆರೆದು ಕಡಲ ನೀರು ಬಿಡುತ್ತಾರೆ. ಆ ನೀರಿನ ಜೊತೆ ಸಿಗಡಿ ಮರಿ ಬರುತ್ತದೆ, ಬೇಟೆಮೀನೂ ಬರುತ್ತದೆ. ಇಳಿತದ ನೀರಿಗೆ ತೂಬಿನ ಬಾಯಲ್ಲಿ ಬಲೆ ಕಟ್ಟಿ ಎರಡನ್ನೂ ಹಿಡಿಯುತ್ತಾರೆ. ಉಪ್ಪು ಕಂಡರೆ ಹೆದರುವ ಭತ್ತದ ಸೀಮೆಯವನಾದ ನನಗೆ ಆ ಬೇಸಾಯವೇ ಒಂದು ಬೆರಗು.

ಅಲ್ಲಿ ಮೀನು ಸಿಗಡಿಯನ್ನು ತಿನ್ನುವುದಿಲ್ಲವೇ? ದಂಡಿಯಾಗಿ ತಿನ್ನುತ್ತದೆ. ಆದರೆ ಕಾಂಡ್ಲಾ ಬೇರುಗಳ ಸಂದಿಯಿದೆ, ಕದಡಿದ ನೀರಿದೆ, ಕೆಸರಿದೆ, ದಿನಕ್ಕೆರಡು ಬಾರಿ ಹೊಸ ಮರಿಗಳನ್ನು ತರುವ ಭರತವಿದೆ. ತಿಂದದ್ದಕ್ಕಿಂತ ಬರುವುದು ಹೆಚ್ಚು. ತಿಳಿನೀರಿನ, ನಾಲ್ಕಡಿ ಗಾಜಿನ ತೊಟ್ಟಿಗೆ ಭರತವಿಲ್ಲ. ಇರುವ ಎರಡು ಸಿಗಡಿ ಹೋದರೆ ಹೋದವು. ಪ್ರಕೃತಿಯಲ್ಲಿ ಇವು ಒಟ್ಟಿಗೇ ಇರುತ್ತವಲ್ಲ ಎಂಬ ವಾದ ಇಲ್ಲಿ ನಿಲ್ಲದಿರುವುದು ಅದಕ್ಕೇ.

ಎರಡನೆಯ ತೊಟ್ಟಿ

ಮೀನಿಗೆ ಕಾಯಿಲೆಯಾದರೆ ತಾಮ್ರ ಹಾಕಲು ಬೇರೆ ತೊಟ್ಟಿ ಬೇಕು. ಹೊಸ ಮೀನು ತಂದರೆ ಕೆಲವು ವಾರ ಪ್ರತ್ಯೇಕ ಇಟ್ಟು ನೋಡಲು ಬೇರೆ ತೊಟ್ಟಿ ಬೇಕು. ಸಿಗಡಿಯ ಕಾಲು ಮುರಿದರೆ ಮುಂದಿನ ಪೊರೆಯಲ್ಲಿ ಮತ್ತೆ ಚಿಗುರುತ್ತದೆ, ಅಲ್ಲಿಯವರೆಗೆ ಅದನ್ನು ಕಾಪಾಡಲು ಬೇರೆ ತೊಟ್ಟಿ ಬೇಕು. ಎಲ್ಲಕ್ಕಿಂತ ಮುಖ್ಯ, ಸಿಂಹಮೀನು ಬೆಳೆಯುತ್ತಿದೆ, ಸಿಗಡಿ ತನ್ನ ಪೂರ್ತಿ ಅಳತೆ ಮುಟ್ಟಿ ನಿಂತಿದೆ. ಅಂಚಿನಲ್ಲಿರುವ ಆ ಲೆಕ್ಕ ಒಂದಲ್ಲ ಒಂದು ದಿನ ಮೀನಿನ ಕಡೆಗೆ ವಾಲುತ್ತದೆ. ಅಷ್ಟರೊಳಗೆ ಸಿಗಡಿಗಳನ್ನು ತೆಗೆದು ಪಕ್ಕಕ್ಕೆ ಇಡಬೇಕು. ಪಡಸಾಲೆಯ ಆ ಬದಿಗೆ ಒಂದೂವರೆ ಅಡಿಯ ಚಿಕ್ಕ ತೊಟ್ಟಿಯೊಂದು ಫಿಲ್ಟರು ಓಡಿಸಿಕೊಂಡು ಸಿದ್ಧವಾಗಿರುವುದು ಅದಕ್ಕೆ. ತಾಮ್ರ ಕಂಡ ತೊಟ್ಟಿಗೆ ಸಿಗಡಿ ಹೋಗುವಂತಿಲ್ಲ. ಮೀನಿನ ಚಿಕಿತ್ಸೆಗೆ ಪ್ಲಾಸ್ಟಿಕ್ ಟಬ್ಬು ಬೇರೆಯೇ ಇದೆ.

ತೊಟ್ಟಿ ನೋಡಿ ಆಸೆಪಟ್ಟ ಹುಡುಗರು ದಾರಿ ಕೇಳಿಕೊಂಡು ಬರುತ್ತಾರೆ. ಒಂದೇ ತೊಟ್ಟಿಗೆ ಜಾಗ, ದುಡ್ಡು ಇರುವವರಿಗೆ ನಾನು ಹೇಳುವುದು ಸರಳ: ಸಿಗಡಿ ಇಷ್ಟವಾದರೆ ಸಾಧು ಸ್ವಭಾವದ ಚಿಕ್ಕ ಕ್ಲೌನ್ ಮೀನುಗಳ ಜೊತೆ ಇಡಿ, ಅವುಗಳನ್ನು ನಮ್ಮ ದೇಶದಲ್ಲೇ ಮರಿ ಮಾಡಿ ಮಾರುತ್ತಾರೆ. ಸಿಂಹಮೀನು ಇಷ್ಟವಾದರೆ ಅದನ್ನೇ ಇಡಿ, ಸಿಗಡಿಯ ಆಸೆ ಬಿಡಿ. ಎರಡೂ ಬೇಕು, ಒಂದೇ ಗಾಜಿನೊಳಗೆ ಬೇಕು ಎನ್ನುವವರು ಮೊದಲು ಎರಡನೆಯ ತೊಟ್ಟಿ ಕೊಳ್ಳಲಿ. ಮೀನಿನ ಮಾತು ಆಮೇಲೆ.